ಒಳಗಿಂದ ಮುಚ್ಚಿದ ಗೋಡೆ

ಮಧ್ಯಾಹ್ನ ಮೂರೂವರೆಗೆ ಕರೆಂಟು ಹೋಯಿತು, ಅದರ ಹಿಂದೆಯೇ ಮಳೆ ಬಂತು. ಜನ್ನಾಪುರದಲ್ಲಿ ನನ್ನ ಅಣ್ಣ ಜ್ಞಾನೇಶ್ ಎರಡು ತಿಂಗಳ ಹಿಂದೆ ಕೊಂಡ ಜೆರಾಕ್ಸ್ ಅಂಗಡಿಯೊಳಗೆ ನಾವು ಐದು ಜನ ಸಿಕ್ಕಿಕೊಂಡೆವು. ರೇಷನ್ ಕಾರ್ಡಿನ ಪ್ರತಿ ತೆಗೆಸಲು ಬಂದಿದ್ದ ಕಾಶಮ್ಮ, ಆಟೊ ನಿಲ್ಲಿಸಿ ಒಳಗೆ ಓಡಿಬಂದ ಶಹಬಾಜ್, ಅಣ್ಣ, ನಾನು, ಮತ್ತು ಯಾವ ಕಾಗದವನ್ನೂ ತಾರದೆ ಬಂದು ಸ್ಟೂಲಿನ ಮೇಲೆ ಕೂತಿದ್ದ ಒಬ್ಬ ಮುದುಕ. ಎರಚಲು ಜೋರಾದಾಗ ಅಣ್ಣ ಷಟರನ್ನು ಮೊಣಕಾಲಿನ ಎತ್ತರಕ್ಕೆ ಎಳೆದ. ಒಳಗೆ ಬೂದು ಬೆಳಕು ಮಾತ್ರ ಉಳಿಯಿತು. ರಸ್ತೆಯ ಸದ್ದು ದೂರವಾಯಿತು.

"ಏನ್ ಚಾಚಾ, ನಿಮ್ಮದೇನು ಜೆರಾಕ್ಸ್? ಮುಖದ್ದಾ?" ಶಹಬಾಜ್ ನಕ್ಕ. "ಒರಿಜಿನಲ್ಲೇ ಮಾಸಿಹೋಗಿದೆಯಲ್ಲ!"

"ಸುಮ್ನಿರೋ ಮಾರಾಯ, ಹಿರಿಯರು ಅವ್ರು," ಎಂದು ಕಾಶಮ್ಮ ಗದರಿದರು.

ಮುದುಕ ಕೋಪಿಸಿಕೊಳ್ಳಲಿಲ್ಲ. ಮಲವಗೊಪ್ಪದವನು, ಹೆಸರು ನಸರುಲ್ಲಾ, ಐವತ್ತು ವರ್ಷ ಗಾರೆ ಕೆಲಸ ಮಾಡಿದವನು ಎಂದು ಹೇಳಿಕೊಂಡ. ಬೆರಳುಗಳ ತುದಿಯನ್ನು ಸಿಮೆಂಟು ತಿಂದುಹಾಕಿತ್ತು. ಅಣ್ಣನ ಮುಖವನ್ನೇ ನೋಡುತ್ತ, "ನಿಮ್ಮ ಹತ್ರ ಒಂದು ಕೇಳ್ಕೋಬೇಕು ಸ್ವಾಮಿ," ಎಂದ. "ಸುಮ್ನೆ ಕೇಳಿದ್ರೆ ತಲೆ ಕೆಟ್ಟಿದೆ ಅಂತೀರಿ. ಅದಕ್ಕೆ ಮೊದಲು ನಡೆದದ್ದು ಹೇಳ್ತೀನಿ. ಮಳೆ ಹೇಗೂ ಬಿಡಲ್ಲ."

ನಾವು ಕೇಳುತ್ತ ಕೂತೆವು.

"ಇದೇ ಜನ್ನಾಪುರದಲ್ಲಿ ರಂಗಪ್ಪ ಅಂತ ಒಬ್ಬರಿದ್ರು. ಬಹಳ ಒಳ್ಳೆ ಮನುಷ್ಯ, ಒಂದೇ ಕೆಟ್ಟ ಬುದ್ಧಿ... ಮನೆಯಿಂದ ಹೊರಡೋದು ಅಂದ್ರೆ ಆಗ್ತಾನೇ ಇರಲಿಲ್ಲ. ಮದುವೆಗೆ ಹೊರಟ್ರೆ ಹೆಂಡತಿ ಮಕ್ಕಳು ಬಸ್ ಸ್ಟಾಪಲ್ಲಿ, ಇವರಿನ್ನೂ ಒಳಗೆ ಚಪ್ಪಲಿ ಹುಡುಕ್ತಾ ಇರೋರು. ಚಪ್ಪಲಿ ಸಿಕ್ತು, ಕನ್ನಡಕ ಎಲ್ಲಿ? ಕನ್ನಡಕ ಸಿಕ್ತು, ಎಲೆಅಡಿಕೆ ಚೀಲ? ಯಾವತ್ತಾದ್ರೂ ಮೊದಲನೇ ಬಸ್ ಹತ್ತಿದ್ದು ನೋಡಿದೀರಾ ಅವರನ್ನ? ನಾನಂತೂ ನೋಡಿಲ್ಲ.

"ಅವರು ತೀರ್ಕೊಂಡಿದ್ದು ಕೆಟ್ಟ ನಕ್ಷತ್ರದಲ್ಲಂತೆ. ನನಗೇನು ಗೊತ್ತು ಅದೆಲ್ಲ? ಜೋಯಿಸರು ಹೇಳಿದ್ರು, ಹೆಣ ಬಾಗಿಲಲ್ಲಿ ತರಬಾರದು, ಮಲಗಿದ್ದ ಕೋಣೆ ಗೋಡೆ ಒಡೆದು ಅಲ್ಲಿಂದ ಸಾಗಿಸಿ, ಹಿಂದೇನೇ ಮುಚ್ಚಿಬಿಡಿ, ಇಲ್ಲಾಂದ್ರೆ ಬಂದ ದಾರೀಲೇ ವಾಪಸ್ ಬರ್ತಾರೆ ಅಂತ. ಮಣ್ಣಿನ ಇಟ್ಟಿಗೆ ಗೋಡೆ, ಒಡೆಯೋದೇನು ಕಷ್ಟ? ಸೊಂಟದ ಎತ್ತರಕ್ಕೆ ಒಂದು ಕಿಂಡಿ ಮಾಡಿ, ಚಟ್ಟ ಅದರಲ್ಲಿ ತೂರಿಸಿ ಹೊರಗೆ ತಗೊಂಡ್ರು. ಮುಚ್ಚೋಕೆ ನನ್ನ ಕರೆದಿದ್ರು. ರಂಗಪ್ಪನವರ ಹೆಂಡತಿ ಅಳ್ತಾ ಅಳ್ತಾನೇ ನನಗೊಂದು ಮಾತು ಹೇಳಿದ್ರು... 'ನಸರುಲ್ಲಾ, ಹೊರಗಡೆ ನಿಂತ್ಕೊಂಡು ಮುಚ್ಚಪ್ಪ. ಒಳಗೆ ನಿಂತು ಮುಚ್ಚಬೇಡ.'

"ಸರಿ ಅಂದೆ. ಅಂದವನು ಮಾಡಿದೆನಾ? ಹೊರಗಡೆ ಚರಂಡಿ, ಮೇಲಿಂದ ತುಂತುರು ಹನಿ, ಹಸಿ ಗಾರೆ ತೊಳೆದು ಹೋಗುತ್ತೆ. ಕೆಲಸದವನ ಬುದ್ಧಿ ನೋಡಿ... ಒಳಗಿಂದ ಕಟ್ಟಿದ್ರೆ ನೀಟಾಗಿ ಬರುತ್ತೆ, ಯಾರು ನೋಡ್ತಾರೆ, ಎಲ್ಲರೂ ಹೆಣದ ಹಿಂದೆ ಹೋಗಿದಾರೆ ಅಂತ ಒಳಗೇ ನಿಂತು ಇಟ್ಟಿಗೆ ಕಟ್ಟಿದೆ, ಸಿಮೆಂಟು ಬಳಿದೆ, ಒಂದು ಗೆರೆ ಕಾಣದ ಹಾಗೆ ಉಜ್ಜಿದೆ. ಆಮೇಲೆ ಎದ್ದು ಬಾಗಿಲಿಂದ ಹೊರಗೆ ಬಂದೆ. ನಾನು ಬಂದೆ... ಗೊತ್ತಾಯ್ತಾ? ನಾನೊಬ್ಬನೇ ಬಂದೆ."



"ಅಂದ್ರೆ ಅಷ್ಟು ಹೊತ್ತಿಗೆ ಅವ್ರು ಹೋಗೇ ಇರ್ಲಿಲ್ವಾ?" ಕಾಶಮ್ಮ ಕೇಳಿದರು.

"ಹೆಣ ಹೋಗಿತ್ತಮ್ಮ. ಹೊತ್ತವರು ಹೋಗಿದ್ರಲ್ಲ, ತಡ ಆಗೋಕೆ ಅದಕ್ಕೆಲ್ಲಿ ಅವಕಾಶ? ಅವರು ಮಾತ್ರ..." ಮುದುಕ ಕೈ ಚೆಲ್ಲಿದ. "ಜೀವಮಾನ ಇಡೀ ತಡವಾಗಿ ಹೊರಟವರು, ಅವತ್ತೊಂದಿನ ಬೇಗ ಹೊರಡ್ತಾರಾ? ಕಿಂಡಿ ನಾನು ಮುಚ್ಚಿದ್ದೆ, ಬಾಗಿಲು ಅವರು ದಾಟೋ ಹಾಗಿಲ್ಲ.

"ಇಪ್ಪತ್ತು ವರ್ಷ ನನಗೆ ಇದ್ಯಾವುದೂ ತಲೇಲಿರಲಿಲ್ಲ. ಆಮೇಲೆ ಒಂದು ದಿನ ಅವರ ಮಗ ಪುಟ್ಟಣ್ಣ ಫೋನ್ ಮಾಡಿದ್ರು. ಮಗಳು ಪ್ರಿಯದರ್ಶಿನಿ ಮೊದಲನೇ ಹೆರಿಗೆಗೆ ಬರ್ತಾಳೆ, ಬಾಣಂತಿ ಕೋಣೆ ಅಂತ ಇರೋದು ಅದೊಂದೇ, ಗೋಡೆ ತಂಡಿ ಹಿಡಿದು ಗಾರೆ ಉದುರ್ತಾ ಇದೆ, ನಾಲ್ಕು ಸಲ ನಾಲ್ಕು ಜನ ಮಾಡಿದ್ರೂ ನಿಂತಿಲ್ಲ, ಎಳೇ ಮಗು ಆ ತಂಡೀಲಿ ಹೇಗೆ ಮಲಗುತ್ತೆ ಮೇಸ್ತ್ರಿ, ಶುಕ್ರವಾರದೊಳಗೆ ಮಾಡಿಕೊಡಿ ಅಂತ. ಹೋದೆ. ಗೋಡೆ ನೋಡಿದ ಕೂಡ್ಲೇ ಕಾಲು ನಿಂತುಬಿಡ್ತು. ಇಡೀ ಗೋಡೆ ಒಣಗಿದೆ, ಒದ್ದೆ ಇರೋದು ನಾನು ಮುಚ್ಚಿದ ಕಿಂಡಿ ಅಷ್ಟೇ... ಅದೇ ಉದ್ದ, ಅದೇ ಅಗಲ, ಪೆನ್ಸಿಲಲ್ಲಿ ಬರೆದ ಹಾಗೆ.

"ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿದೆ. ನಮ್ಮ ಕೆಲಸ ಅರ್ಧ ಕಿವಿ ಕೆಲಸ ಸ್ವಾಮಿ, ಗಾರೆ ಗೋಡೆ ಬಿಟ್ಟಿದ್ರೆ ಡಬ್ ಡಬ್ ಅನ್ನುತ್ತೆ. ಉಳಿ ಇಟ್ಟು ಮೆಲ್ಲಗೆ ಮೀಟಿದೆ. ರೊಟ್ಟಿ ಹಾಗೆ ಹಾಳೆ ಹಾಳೆ ಎದ್ದು ಬಂತು. ಬೇರೆಯವರು ಬಳಿದ ನಾಲ್ಕು ಪದರ ಹೋಯ್ತು, ಕೊನೆಗೆ ನಂದು. ಅದರ ಹಿಂದೆ ಇಟ್ಟಿಗೆ... ಕೈ ಇಟ್ಟೆ. ತಂಡಿ ಹಿಡಿದ ಗೋಡೆ ತಣ್ಣಗಿರಬೇಕು ತಾನೇ? ಬೆಚ್ಚಗಿತ್ತು. ಬಾಯಿ ಒಳಗೆ ಬೆರಳಿಟ್ಟ ಹಾಗೆ.

"ನೀರು ಆಚೆಯಿಂದ ಬರ್ತಿದೆಯೇನೋ ನೋಡೋಣ ಅಂತ ಒಂದು ಇಟ್ಟಿಗೆ ಕಿತ್ತೆ. ಆಚೆ ಏನಿತ್ತು ಗೊತ್ತಾ? ಚರಂಡಿ ಇಲ್ಲ, ಓಣಿ ಇಲ್ಲ, ಬೆಳಕಿಲ್ಲ. ಹಿಂದಿನ ಸೈಟಲ್ಲಿ ಯಾರೋ ಕಾಂಪ್ಲೆಕ್ಸ್ ಕಟ್ಟಿದ್ರು, ಮಧ್ಯ ಬೆರಳು ಹೋಗೋಷ್ಟೂ ಜಾಗ ಬಿಟ್ಟಿರಲಿಲ್ಲ. ನಾನು ಮುಚ್ಚಿದ ದಾರಿ ಮೇಲೆ ಇನ್ನೊಂದು ಗೋಡೆ ನಿಂತಿತ್ತು.

"ಆಗ ನನ್ನ ಬೆನ್ನ ಹಿಂದೆ ಮಂಚದ ಕೆಳಗಿಂದ ಸದ್ದು. ಏನನ್ನೋ ಎಳೆದು ಹುಡುಕೋ ಸದ್ದು... ಆ ಕಡೆ, ಈ ಕಡೆ, ಸ್ವಲ್ಪ ಸುಮ್ನೆ, ಮತ್ತೆ ಆ ಕಡೆ. ತಿರುಗಲಿಲ್ಲ ನಾನು. ಗೋಡೆಗೆ ಮುಖ ಕೊಟ್ಟೇ ಸರಿದು ಸರಿದು ಬಾಗಿಲಿಗೆ ಬಂದೆ. ಬಾಗಿಲು ತೆಗಿಯೋಕೆ ಬರಲಿಲ್ಲ. ಕೂಗಿದೆ, ಒದ್ದೆ, ಭುಜ ಕೊಟ್ಟೆ... ನನ್ನ ಧ್ವನಿ ಆ ಕೋಣೇಲೇ ಸುತ್ತಿ ನನ್ನ ಕಿವಿಗೇ ಬರೋದು. ಎಷ್ಟು ಹೊತ್ತೋ ಗೊತ್ತಿಲ್ಲ, ಅಲ್ಲಾ ಕಸಮ್, ಅಷ್ಟರಲ್ಲಿ ಒಂದು ವಿಷಯ ತಿಳೀತು. ನಾನು ಇಷ್ಟು ಹೊತ್ತಿಗೇ ಹೀಗಾಗಿದೀನಿ. ಅವರು ಇಪ್ಪತ್ತು ವರ್ಷದಿಂದ ಇದ್ದಾರೆ.

"ಪುಟ್ಟಣ್ಣ ಕಾಫಿ ಹಿಡ್ಕೊಂಡು ಬಂದು ಒಂದು ಬೆರಳಲ್ಲಿ ಬಾಗಿಲು ತಳ್ಳಿದ್ರು. 'ತೆಗೆದೇ ಇತ್ತಲ್ಲ ಮಾರಾಯ, ಯಾಕೆ ಹೀಗೆ ಬೆವ್ತಿದೀಯ?'

"ಅವಾಗ ಹೇಳಬೇಕಿತ್ತು. ಹೇಳಿದೆನಾ? ಬಾಣಂತಿ ಬರೋ ಮನೆ, ಹಿಂಗೆ ಹಿಂಗೆ ನಾನು ತಪ್ಪು ಮಾಡಿದೀನಿ ಅನ್ನೋಕೆ ನಾಲಿಗೆ ಏಳಲಿಲ್ಲ. ಇಟ್ಟಿಗೆ ವಾಪಸ್ ಇಟ್ಟೆ, ವಾಟರ್‌ಪ್ರೂಫ್ ಪುಡಿ ಕಲಸಿ ಗಾರೆ ಬಳಿದೆ. ಅದೂ ಒಳಗಡೆ ನಿಂತೇ. ಇನ್ನೆಲ್ಲಿ ನಿಲ್ಲಲಿ?

"ಶಿವಮೊಗ್ಗದಲ್ಲಿ ಹೆರಿಗೆ ಆಯ್ತು, ಹೆಣ್ಣುಮಗು. ತಂದು ಆ ಕೋಣೇಲಿ ಮಲಗಿಸಿದ್ರು. ಗೋಡೆ ಒಣಗಿಹೋಯ್ತು ಸ್ವಾಮಿ! ಒಂದೇ ವಾರ. ಪುಟ್ಟಣ್ಣ ಖುಷಿಯಿಂದ ನನಗೆ ಲುಂಗಿ ಶರ್ಟು ಕೊಟ್ರು. ಆದ್ರೆ ಮಗು ಆ ಕೋಣೆ ಹೊಸ್ತಿಲು ದಾಟಲ್ಲ. ಎತ್ತಿಕೊಂಡು ಬಾಗಿಲ ಹತ್ರ ಹೋದ್ರೆ ಮೈ ಸೆಟೆದು ತುಟಿ ನೀಲಿ ಆಗಿ ಉಸಿರು ನಿಂತುಬಿಡುತ್ತೆ, ಒಳಗೆ ತಂದ್ರೆ ಸರಿಹೋಗುತ್ತೆ. ಗೋಡೆ ಬಿಟ್ಟದ್ದು ಮಗೂನ ಹಿಡಿದಿತ್ತು. ಚುಚ್ಚುಮದ್ದು ಹಾಕೋಕೆ ನರ್ಸಮ್ಮ ಮನೆಗೇ ಬಂದ್ರು. ಡಾಕ್ಟರು ಬಂದ್ರು, ಜೋಯಿಸರು ಬಂದ್ರು, ನಾನೇ ದರ್ಗಾದಿಂದ ದಾರ ತಂದುಕೊಟ್ಟೆ. ಏನೂ ಆಗಲಿಲ್ಲ. ಈಗ ಆರು ವರ್ಷ ಅವಳಿಗೆ. ಬಿಸಿಲು ಅಂದ್ರೆ ಕಿಟಕಿಯಿಂದ ನೆಲಕ್ಕೆ ಬೀಳೋ ಪಟ್ಟಿ, ಅಷ್ಟೇ ಗೊತ್ತು. ಸೋಮವಾರ ಸ್ಕೂಲಿಗೆ ಸೇರಿಸಬೇಕು, ಯೂನಿಫಾರಂ ಹೊಲಿಸಿದಾರೆ. ಹಾಕ್ಕೊಂಡು ಗೋಡೆ ಮುಂದೆ ನಿಂತು ಕೈ ಇಟ್ಟು, 'ಅಮ್ಮಾ, ಇಲ್ಲಿಂದ ಹೋಗ್ತೀನಿ' ಅಂತಾಳಂತೆ. ಮೊನ್ನೆ ಪ್ರಿಯದರ್ಶಿನಿ ನನ್ನ ಕೈ ಹಿಡ್ಕೊಂಡು ಕೇಳಿದ್ಲು... ಮೇಸ್ತ್ರಿ, ಆ ಗೋಡೇಲಿ ಏನಿದೆ? ಅವತ್ತು ಎಲ್ಲಾ ಹೇಳಿಬಿಟ್ಟೆ. ಉಗಿದ್ರು, ಅತ್ರು. ಆಮೇಲೆ ನನ್ನನ್ನೇ ಇಲ್ಲಿಗೆ ಕಳಿಸಿದ್ರು."

"ಇಲ್ಲಿಗೆ ಯಾಕೆ?" ಎಂದ ಅಣ್ಣ. ಕೇಳುವ ಮೊದಲೇ ಅವನಿಗೆ ತಿಳಿದಂತಿತ್ತು.

ಕಾಶಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಜೆರಾಕ್ಸ್ ಯಂತ್ರದ ಹಿಂದಿನ ಗೋಡೆಯನ್ನು ನೋಡಿದರು. "ಅಯ್ಯೋ, ಹಿಂದಿನ ಬೀದಿ ಪುಟ್ಟಣ್ಣನ ಮನೆ... ಬೆನ್ನಿಗೆ ಬೆನ್ನು ಇದಕ್ಕೇ ಅಲ್ವೇನೋ?"

"ಇದಕ್ಕೇ," ಎಂದ ಮುದುಕ. "ನಾನು ಹೇಳಿದ ಕಾಂಪ್ಲೆಕ್ಸ್ ಇದೇ. ಅವರ ಕಡೆ ನಾನು ಒಡೀತೀನಿ. ನಿಮ್ಮ ಕಡೆ ನೀವು ಒಪ್ಪಬೇಕು. ಮಗು ತೂರೋಷ್ಟು ಕಿಂಡಿ ಸಾಕು, ಈ ಸಲ ಹೊರಗೆ ನಿಂತೇ ಮುಚ್ಚಿಕೊಡ್ತೀನಿ."

"ಹೊರಗೆ ಅಂದ್ರೆ ನನ್ನ ಅಂಗಡಿ ಅಲ್ವಾ ಸಾಬ್ರೇ?" ಅಣ್ಣನ ಧ್ವನಿ ಒಣಗಿತ್ತು. "ಮಗು ನನ್ನ ಷಟರಲ್ಲಿ ರಸ್ತೆಗೆ ಹೋಗುತ್ತೆ, ಸರಿ. ಅದರ ಜೊತೆ ಬಂದದ್ದು? ಅದು ಬಾಗಿಲು ದಾಟಲ್ಲ ಅಂದ್ರಲ್ಲ."

ತನ್ನ ಕೈಗೂಸು ಮಗಳ ಫೋಟೊವನ್ನು ಅಣ್ಣ ಕೌಂಟರಿನ ಗಾಜಿನಡಿ ಇಟ್ಟಿದ್ದ. ಅಣ್ಣನ ಕಣ್ಣು ಅದರ ಮೇಲಿತ್ತು.

"ಸುಳ್ಳು ಹೇಳಲ್ಲ," ಎಂದ ಮುದುಕ. "ಇಲ್ಲೇ ಉಳಿಯುತ್ತೆ."

"ಆ ಮಗು ಈಗ ಎಲ್ಲಿದೆ ಚಾಚಾ?" ಶಹಬಾಜ್ ಪಿಸುಗುಟ್ಟಿದ.

"ಆಚೆ ನಿಂತಿದ್ದಾಳೆ. ಯೂನಿಫಾರಂ ಹಾಕ್ಕೊಂಡು, ಗೋಡೆಗೆ ಕಿವಿ ಕೊಟ್ಟು... ನಾನು ಇಷ್ಟು ಗಟ್ಟಿಯಾಗಿ ಹೇಳಿದ್ದು ನಿಮಗೊಬ್ಬರಿಗೇ ಅಂದ್ಕೊಂಡ್ರಾ?" ಮುದುಕ ಸ್ಟೂಲಿನಿಂದ ಎದ್ದು ಅಣ್ಣನ ಹತ್ತಿರ ಬಾಗಿದ. "ಬೇಡ ಅನ್ನೋದಾದ್ರೆ ಸ್ವಲ್ಪ ಮೆತ್ತಗೆ ಹೇಳಿ, ಸ್ವಾಮಿ."