ಫಿಡೆಲಿಸ್ ಕೊಂಡ ಪೇಪರ್ ಕಟ್ಟು

ಇಲಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ. ಗಾದೆ ತಿರುಚಿದ್ದು ನಾನು, ಕತೆ ಮಾತ್ರ ನಿಜ. 2009ರಲ್ಲಿ ಕುಂಬಳೆ ಬಸ್‌ಸ್ಟ್ಯಾಂಡಿನಲ್ಲಿ ಐಸ್ ಕಂಪೆನಿಯ ಮಾಲೀಕ ಫಿಡೆಲಿಸ್ ಮಲಯಾಳ ಪೇಪರುಗಳ ಕಟ್ಟು ಅಪ್ಪಿಕೊಂಡು ಕುಳಿತಿದ್ದರು. ಗೆಳೆಯ ಲ್ಯಾರಿ ಬಂದರು.

“ಎಂತ ಮಾರಾಯ, ಪೇಪರ್ ಏಜೆನ್ಸಿಯಾ?”

“ವಕೀಲರ ಫೋನ್ ಬಂತು. ಕಂಪೆನಿ ಮುಚ್ಚಿಸ್ಲಿಕ್ಕೆ ಸಾಲ ಕೊಟ್ಟವರು ಹಾಕಿದ ಕೇಸುಂಟಲ್ಲ, ಅದರ ಜಾಹೀರಾತು ಇವತ್ತೇ ಬಂತಂತೆ. ಮೀನಿನ ಬೋಟಿನವರು ನೋಡಿದ್ರೆ ಐಸಿಗೆ ಮತ್ತೆ ಯಾರೂ ಬರುದಿಲ್ಲ. ಪೇಟೆಯ ಪೇಪರೆಲ್ಲ ಕೊಂಡೆ.”

“ಯಾವ ಪುಟದಲ್ಲುಂಟು?”

“ನಂಗೆ ಮಲಯಾಳ ಓದ್ಲಿಕ್ಕೆ ಬರ್ತದಾ?”

ಲ್ಯಾರಿ ಗಂಟಲು ಸರಿಮಾಡಿ ವಕೀಲರ ಧ್ವನಿ ತೆಗೆದರು. “ಫಿಡೆಲಿಸೇ, ಫೋನ್ ಮಾಡಿದ್ದು ನಾನು.”

ಬಸ್ಸು ಬಂತು. ಫಿಡೆಲಿಸ್ ಕಟ್ಟಿನೊಂದಿಗೇ ಹತ್ತಿ ಕಿಟಕಿಯಿಂದ ಕೂಗಿದರು.

“ಜಾಹೀರಾತು ನಾಡಿದ್ದು ನಿಜವಾಗಿ ಬರ್ತದೆ, ಹಾಕ್ಲಿಕ್ಕೆ ಕೋರ್ಟೇ ಹೇಳಿದೆ. ಆಗ ಕಟ್ಟು ಹೊರ್ಲಿಕ್ಕೆ ನೀನೂ ಬಾ!”

ಲ್ಯಾರಿ ನಗಲಿಲ್ಲ. ಫಿಡೆಲಿಸರ ನಗು ಬಸ್ಸು ಹೊರಟ ಮೇಲೂ ಕೇಳಿಸುತ್ತಿತ್ತು.