ಕೆಂಪು ಕಾಲುಚೀಲ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕುಳಿತಿದ್ದರು. ಇಬ್ಬರದೂ ಆಸ್ಪತ್ರೆಯ ಲಾಂಡ್ರಿಯ ಸಮವಸ್ತ್ರ. ಹಿರಿಯಳಿಗೆ ಐವತ್ತು ದಾಟಿರಬೇಕು. ಕಿರಿಯಳು ಕೆಲಸಕ್ಕೆ ಹೊಸಬಳು.

“ನಲವತ್ತು ಬಿಳಿ ಕೋಟು, ಅಕ್ಕ. ಎಲ್ಲಾ ಗುಲಾಬಿ. ಡಾಕ್ಟರುಗಳೆಲ್ಲ ಐಸ್‌ಕ್ರೀಮ್ ಮಾರೋರ ಥರ ಕಾಣ್ತಿದ್ರು.”

“ಮಷೀನಿಗೆ ಹಾಕಿದ್ದು ನೀನೇ ತಾನೆ?”

“ನಾನೇ. ಒಳಗೆ ಕೆಂಪು ಕಾಲುಚೀಲ ಹೆಂಗೆ ಸೇರ್ಕೊಳ್ತೋ ಗೊತ್ತಿಲ್ಲ. ಬರೋ ವಾರ ಕೆಲಸ ಕಾಯಂ ಆಗ್ಬೇಕು, ಎಲ್ಲಾ ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ಸೂಪರ್‌ವೈಸರ್ ಸಾಹೇಬ್ರು ಮೇಲಿನವರ ಮುಂದೆ ‘ತಪ್ಪು ನಂದು’ ಅಂದ್ಬಿಟ್ರು. ನನಗೋಸ್ಕರ ಸುಳ್ಳು ಹೇಳಿದ್ರು. ಎಂಥಾ ದೊಡ್ಡ ಮನಸ್ಸು.”

“ಸುಳ್ಳೂ ಇಲ್ಲ, ಗಿಳ್ಳೂ ಇಲ್ಲ. ಕಾಲುಚೀಲ ಅವರದೇ. ಮನೆ ಬಟ್ಟೆ ತಂದು ನಮ್ಮ ಮಷೀನಲ್ಲೇ ಪುಕ್ಕಟೆ ಒಗೀತಾರೆ.”

ಕಿರಿಯಳು ಅವಳತ್ತ ತಿರುಗಿದಳು.

“ಹಂಗಾದ್ರೆ ದೊಡ್ಡತನ ಏನು ಬಂತು ಅದರಲ್ಲಿ?”

“ನಿನ್ನ ತಲೆಗೆ ಕಟ್ಬಹುದಿತ್ತು, ಕಟ್ಟಲಿಲ್ಲ. ಐದು ಜನ ಸೂಪರ್‌ವೈಸರ್‌ಗಳನ್ನ ನೋಡಿದೀನಿ ಕಣೆ. ತಪ್ಪು ಒಪ್ಕೊಂಡಿದ್ದು ಇವರೊಬ್ಬರೇ. ಬಟ್ಟೆ ಒಗೆಯೋದು ಮಾತ್ರ ಬರಲ್ಲ.”

“ಅವರದೇ ಅಂತ ನಿಮಗೆ ಹೆಂಗೆ ಗೊತ್ತು?”

ಹಿರಿಯಳು ಬ್ಯಾಗಿನಿಂದ ಕೆಂಪು ಕಾಲುಚೀಲವೊಂದನ್ನು ಹೊರತೆಗೆದಳು. ಅದು ಒಗೆದದ್ದಲ್ಲ ಎಂಬುದು ಹಿಂದಿನ ಸೀಟಿಗೂ ತಿಳಿಯಿತು.

“ಇದರ ಜೋಡಿ. ಅವರ ಕುರ್ಚಿ ಕೆಳಗೆ ಬಿದ್ದಿತ್ತು. ನಿನ್ನ ಹೆಸರು ಎತ್ತಿದ್ದಿದ್ರೆ, ಅಲ್ಲೇ ಮೇಲಿನವರ ಮೇಜಿನ ಮೇಲೆ ಇಡ್ತಿದ್ದೆ.”

“ಈಗ?”

“ಈಗೇನು, ಒಗೆದು, ನಾಳೆ ಯಾರೂ ಇಲ್ದಾಗ ಅವರ ಕೈಗೆ ಕೊಡ್ತೀನಿ.”

ಅವರ ನಿಲ್ದಾಣ ಬಂತು. ಬಾಗಿಲ ಬಳಿ ಕಿರಿಯಳ ದನಿ ಕೇಳಿಸಿತು: “ಬೇರೆಯಾಗೇ ಒಗೀರಿ, ಅಕ್ಕ.”