ಮಾರಾಯ್ತಿಗೆ ಬಡಿಸಿದ ಅನ್ನ

...ಅಲ್ಲ ಮಾರಾಯ, ತೋಳ ಕರುವಿನಷ್ಟು ದೊಡ್ಡದಿತ್ತು ಅಂತ ನಾನು ಮೊನ್ನೆ ಹೇಳಿದ್ದು ಯಾಕೆಂದ್ರೆ, ನಿಮ್ಮ ಅಜ್ಜಿ ಪಕ್ಕದಲ್ಲೇ ಕೂತು ಕೇಳ್ತಿದ್ದಳು. ಸತ್ಯ ಹೇಳಿದ್ರೆ ಆ ಮರುಭೂಮಿಯ ತೋಳ ಅಂದ್ರೆ ನಮ್ಮ ಬಸ್‌ಸ್ಟ್ಯಾಂಡಿನ ನಾಯಿಯಷ್ಟೇ. ಕಾಲು ಸ್ವಲ್ಪ ಉದ್ದ, ಕಿವಿ ಸ್ವಲ್ಪ ದೊಡ್ಡ. ಆದ್ರೆ ಒಬ್ಬನೇ ಇರುವವನ ಕಣ್ಣಿಗೆ ಅದು ಕರುವಿನಷ್ಟೇ ಕಾಣ್ತದೆ, ಗೊತ್ತುಂಟಾ? ಹಾಗಾಗಿ ಅದೂ ಪೂರ್ತಿ ಸುಳ್ಳಲ್ಲ.

ನಾನು ಸೌದಿಗೆ ಹೋದದ್ದು ಎಂಬತ್ಮೂರರಲ್ಲೋ ಎಂಬತ್ನಾಲ್ಕರಲ್ಲೋ. ಡ್ರೈವರ್ ಕೆಲಸ ಅಂತ ಹೇಳಿ ವೀಸಾ ಕೊಟ್ಟದ್ದು. ದೊಡ್ಡ ಕಾರು ಓಡಿಸ್ಲಿಕ್ಕುಂಟು ಅಂತ ನಾನು ಊರಿಡೀ ಡಂಗುರ ಹೊಡೆದು ಹೋಗಿದ್ದೆ. ಕಫೀಲ್, ಅಂದ್ರೆ ನನ್ನನ್ನು ಕರೆಸಿಕೊಂಡ ಧಣಿ, ಫಾಲೆಹ್ ಅಂತ ಹೆಸರು, ನನ್ನಿಂದ ನಾಲ್ಕೈದು ವರ್ಷ ದೊಡ್ಡವ. ಪಾಸ್‌ಪೋರ್ಟ್ ತೆಗೊಂಡು ಕಿಸೆಗೆ ಹಾಕಿದ, ಪಿಕಪ್ಪಿನ ಹಿಂದೆ ಹತ್ತಿಸಿದ. ಅಬ್ಕೈಕ್ ಪೇಟೆ ದಾಟಿತು, ಟಾರು ರಸ್ತೆ ಮುಗಿಯಿತು, ಮರಳು, ಮತ್ತೂ ಮರಳು. ಕೊನೆಗೆ ಒಂದು ಡೇರೆ, ಒಂದು ನೀರಿನ ಡ್ರಮ್ಮು, ನಾನೂರು ಕುರಿ. ನಾನೂರಲ್ಲ, ಮುನ್ನೂರು. ಹೋಗ್ಲಿ, ನೂರೈವತ್ತು ಅಂತ ಇಟ್ಕೊಳ್ಳಿ. ನಾನು ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸಿ "ಕಾರು ಎಲ್ಲಿ?" ಅಂತ ಕೇಳಿದೆ. ಅವ ನನ್ನ ಕೈಗೆ ಒಂದು ಕೋಲು ಕೊಟ್ಟು "ಯಲ್ಲಾ, ನಡಿ" ಅಂದ. ಅಷ್ಟೇ ಸಂದರ್ಶನ.

ಹತ್ತು ದಿನಕ್ಕೊಮ್ಮೆ ಫಾಲೆಹ್ ನೀರು, ಅಕ್ಕಿ, ರೊಟ್ಟಿ ತಂದು ಹಾಕಿ ಹೋಗ್ತಿದ್ದ. ಕೂಗಿದ್ರೆ ಕೇಳುವ ದೂರದಲ್ಲಿ ಇನ್ನೊಂದು ಡೇರೆಯಲ್ಲಿ ಅವನ ಅಪ್ಪ ಇದ್ದದ್ದು. ಮುದುಕರಿಗೆ ನಾನು ಅಮ್ಮಿ ಅಂತ ಕರೀತಿದ್ದೆ, ಅಲ್ಲಿ ಹಾಗೆಂದ್ರೆ ಚಿಕ್ಕಪ್ಪ. ಅಮ್ಮಿ ದಿನಕ್ಕೆ ನಾಲ್ಕು ಮಾತಾಡ್ತಿದ್ರು, ಅದರಲ್ಲಿ ಮೂರು ಕುರಿಗಳ ಹತ್ರ. ನನ್ನ ಹೆತ್ತ ಉಮ್ಮ ಮಾತು ತುಂಬಿಸಿ ಕಳಿಸಿದ ಒಂದು ಕ್ಯಾಸೆಟ್ ಇತ್ತು. ಬ್ಯಾಟರಿ ಇಳಿದ ಹಾಗೆ ಉಮ್ಮನ ಸ್ವರ ದಪ್ಪ ಆಗ್ತಾ ಆಗ್ತಾ ಕೊನೆಗೆ ಯಾರೋ ಗಂಡಸು ಮಾತಾಡಿದ ಹಾಗೆ ಆಯ್ತು. ಮತ್ತೆ ಅದೂ ನಿಂತಿತು. ನಗಬೇಡಿ. ಆವತ್ತು ನಾನೂ ನಕ್ಕೆ, ಆದ್ರೆ ನಕ್ಕದ್ದು ಯಾರಿಗೆ ತೋರಿಸುವುದು?

ಆಗ ನನಗೆ ಸಿಕ್ಕಿದ್ದು ಮಾರಾಯ್ತಿ. ಕುರಿ ಕಾಯುವ ಹೆಣ್ಣು ನಾಯಿ, ಮಣ್ಣಿನ ಬಣ್ಣ, ಒಂದು ಕಿವಿ ಹರಿದಿತ್ತು. ಹೆಸರು ನಾನೇ ಇಟ್ಟದ್ದು. ಬೆಳಿಗ್ಗೆ ಎದ್ದ ಕೂಡ್ಲೇ "ಎಂತ ಮಾರಾಯ್ತಿ, ನಿದ್ದೆ ಆಯ್ತಾ?" ಅಂತ ಕೇಳಿದ್ರೆ ಬಾಲ ಅಲ್ಲಾಡಿಸ್ತಿತ್ತು. ನಾನು ಬ್ಯಾರಿ ಭಾಷೆಯಲ್ಲಿ ಊರಿನ ಸುದ್ದಿ ಎಲ್ಲ ಹೇಳ್ತಿದ್ದೆ. ಅರ್ಧ ಸುಳ್ಳು, ಆದ್ರೆ ಅದು ಒಂದು ದಿನವೂ ಎದುರು ಮಾತಾಡಲಿಲ್ಲ. ಆದ್ರೆ ನಾನು ಅದನ್ನು ಮುಟ್ಟಲಿಲ್ಲ, ಗೊತ್ತುಂಟಾ? ನಾಯಿಯ ಜೊಲ್ಲು ಮೈಗೆ ತಾಗಿದ್ರೆ ನಮ್ಮವರು ಏಳು ಸಲ ತೊಳೀಬೇಕಲ್ಲ, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಊರಲ್ಲಿ ಬಾವಿ ಉಂಟು, ಸರಿ. ಅಲ್ಲಿ ಹತ್ತು ದಿನಕ್ಕೆ ಒಂದು ಡ್ರಮ್ಮು. ತೊಳೆದ್ರೆ ಕುಡಿಯುವುದು ಎಂತದ್ದು? ಹಾಗಾಗಿ ಎಂಟು ತಿಂಗಳು ಅದು ಅಲ್ಲಿ, ನಾನು ಇಲ್ಲಿ, ಮಧ್ಯ ಮೂರು ಮಾರು ಮರಳು.

ಚಳಿಗಾಲದಲ್ಲಿ ತೋಳ ಬರ್ಲಿಕ್ಕೆ ಶುರುವಾಯ್ತು. ಮೂರು ಮರಿ ಹೋಯ್ತು. ಫಾಲೆಹ್ ಒಂದು ದಿನ ಬೆಳಿಗ್ಗೆ ಇಬ್ಬರು ದೋಸ್ತಿಗಳನ್ನು, ನಾಲ್ಕು ಸಲೂಕಿ ನಾಯಿಗಳನ್ನು ಪಿಕಪ್ಪಿನಲ್ಲಿ ತುಂಬಿಸಿಕೊಂಡು ಬಂದ. ಸಲೂಕಿ ಅಂದ್ರೆ ನಮ್ಮ ಮುಧೋಳ ನಾಯಿ ಹಾಗೆ, ಬರೀ ಎಲುಬು ಮತ್ತು ಓಟ. ಓಡ್ಲಿ ಅಂತ ಅವಕ್ಕೆ ಎರಡು ದಿನದಿಂದ ಅನ್ನ ಹಾಕಿರಲಿಲ್ಲ. ಸಂಜೆಯ ಅಸರ್ ನಮಾಜಾದ ಮೇಲೆ ಹೆಜ್ಜೆ ಹಿಡಿದು ತೋಳದ ಬೆನ್ನು ಹತ್ತುವುದು ಅಂತ ಲೆಕ್ಕ. ಡೇರೆಯಲ್ಲಿ ಕಾಫಿ ಕುಡೀತಾ ಅಪ್ಪ ಮಗನಿಗೆ ಜಗಳ ಹತ್ತಿತು.

"ಮರಿ ತಿಂದದ್ದು ತೋಳ, ಬೇಕಾದ್ರೆ ಬಂದೂಕು ಹಿಡ್ಕೊಂಡು ನೀನು ಹೋಗು" ಅಂದ್ರು ಅಮ್ಮಿ. "ನಾಯಿಗಳನ್ನು ಛೂ ಬಿಟ್ಟು, ಕಚ್ಚಾಡಿ ಸಾಯುವುದನ್ನು ಗಾಡಿಯಲ್ಲಿ ಕೂತು ನೋಡುವುದು ಎಂತ ಗಂಡಸುತನ?"

"ಅಪ್ಪ, ಈಗ ಎಲ್ಲರೂ ಮಾಡುವುದು ಹೀಗೆಯೇ. ಆಚೆ ಕ್ಯಾಂಪಿನವರು ತೋಳವನ್ನು ಹಿಡಿದು ರಸ್ತೆ ಬದಿಯ ಕಂಬಕ್ಕೆ ನೇತು ಹಾಕಿದ್ದಾರೆ, ನೋಡಲಿಲ್ವಾ?"

"ಅವರ ನಾಯಿ ಎಷ್ಟು ಉಳಿದವು?"

ಒಬ್ಬ ದೋಸ್ತಿ ಹೇಳಿದ, "ಎರಡು ಸತ್ತವು ಅಮ್ಮಿ. ಆದ್ರೆ ನಾವು ಕುರಿ ಸಾಕಿದವರು, ತೋಳಕ್ಕೆ ಸಾಕಿದ್ದಲ್ಲ. ಬಂದೂಕಿಗೆ ಅದು ಸಿಗುವುದೂ ಇಲ್ಲ." ಅವ ಹೇಳಿದ್ದೂ ತಪ್ಪು ಅಂತ ಹೇಗೆ ಹೇಳುವುದು? ಮರಿ ಹೋದಾಗ ಬೈಗುಳ ತಿಂದವ ನಾನೇ ಅಲ್ವಾ.

ಮತ್ತೆ ಫಾಲೆಹ್ ಹೊರಗೆ ಕೈ ತೋರಿಸಿದ. "ಸಲೂಕಿ ಓಡಿ ಸುತ್ತು ಹಾಕ್ತದೆ, ಹಿಡಿದು ನಿಲ್ಲಿಸ್ಲಿಕ್ಕೆ ಅದಕ್ಕೆ ತ್ರಾಣ ಇಲ್ಲ. ಕುತ್ತಿಗೆ ಹಿಡೀಲಿಕ್ಕೆ ಆ ಕಿವಿ ಹರಿದದ್ದು ಬರ್ಲಿ. ಯಾ ಹಿಂದಿ, ಇಂಡಿಯಾದವನೇ, ನೀನೆಂತ ಹೇಳ್ತಿ?"

ನನ್ನ ಮನಸ್ಸು ಬೇಡ ಅಂತ ಹೇಳಿತು. ಬಾಯಿ ಎಂತ ಹೇಳಿತು ಗೊತ್ತುಂಟಾ? "ನೀವು ಹೇಳಿದ ಹಾಗೆ" ಅಂತ.

ಮಧ್ಯಾಹ್ನ ದೊಡ್ಡ ತಟ್ಟೆಯಲ್ಲಿ ಊಟ. ಅನ್ನ, ಮೇಲೆ ಇಡೀ ಕುರಿ, ಬಾಲದ ಕೊಬ್ಬು. ಅವರು ಉಂಡು ಎದ್ದ ಮೇಲೆ ಉಳಿದದ್ದು ಕೆಲಸದವನಿಗೆ, ಅಲ್ಲಿನ ಪದ್ಧತಿ ಹಾಗೆ. ಎಂಟು ತಿಂಗಳಲ್ಲಿ ನಾನು ನೋಡಿದ ಮೊದಲ ಮಾಂಸ ಅದು. ಅಮ್ಮಿ ತಮ್ಮ ಡೇರೆಗೆ ಹೋಗಿ, ಫಾಲೆಹ್ ಮತ್ತು ದೋಸ್ತಿಗಳು ಮೂವರೂ ಗೊರಕೆ ಹೊಡೀಲಿಕ್ಕೆ ಶುರು ಮಾಡಿದ್ದೇ, ನಾನು ತಟ್ಟೆ ಎತ್ತಿಕೊಂಡು ಡೇರೆಯ ಹಿಂದೆ ಹೋಗಿ ಐದೂ ನಾಯಿಗಳಿಗೆ ಬಡಿಸಿದೆ. ಬಡಿಸಿದೆ ಅಂದ್ರೆ ಮದುವೆ ಮನೆಯ ಹಾಗೆ, ಒತ್ತಾಯ ಮಾಡಿ ಮಾಡಿ. ಸಲೂಕಿಗಳ ಹೊಟ್ಟೆ ಮಡಕೆ ಆಯ್ತು. ನಾನು ಒಂದು ತುತ್ತು ತಿನ್ನಲಿಲ್ಲ. ಸರಿ, ಒಂದು ತುಂಡು ತಿಂದೆ. ಮಾರಾಯ್ತಿ ತಟ್ಟೆ ನೆಕ್ಕಿ ಮುಗಿಸಿ ನನ್ನ ಕೈಗೆ ಬಂತು. ಕೈ ಹಿಂದೆ ತೆಗೀಬೇಕಿತ್ತು. ತೆಗೀಲಿಲ್ಲ. ಬೆರಳು ಬೆರಳು ನೆಕ್ಕಿತು. ಎಂಟು ತಿಂಗಳಲ್ಲಿ ನನ್ನನ್ನು ಮುಟ್ಟಿದ ಒಂದೇ ಒಂದು ಜೀವ ಅದು, ಮಕ್ಕಳೇ.

ಮತ್ತೆ ಡ್ರಮ್ಮಿನ ಹತ್ರ ಕೂತು ಕೈಗೆ ಮಣ್ಣು ಉಜ್ಜಿ, ಒಂದು, ಎರಡು, ಮೂರು ಅಂತ ತೊಳೀತಿದ್ದೆ. ಅಮ್ಮಿ ನಮಾಜಿಗೆ ಕೈಕಾಲು ತೊಳೆದು ವುಳೂ ಮಾಡ್ಲಿಕ್ಕೆ ಅಂತ ಬಂದವರು ನಿಂತ್ರು. ನನ್ನ ಕೈಯ ಕೆಸರು ನೋಡಿದ್ರು. ಡೇರೆಯ ಹಿಂದೆ ಕಾಲು ಚಾಚಿ ಮಲಗಿದ ನಾಯಿಗಳನ್ನು ನೋಡಿದ್ರು. ಏಳು ಸಲದ ಲೆಕ್ಕ ಅವರಿಗೆ ಗೊತ್ತಿಲ್ವಾ? ನನ್ನ ಕತೆ ಮುಗೀತು ಅಂತ ಎಣಿಸಿದೆ.

"ಎಷ್ಟಾಯ್ತು?" ಅಂತ ಕೇಳಿದ್ರು.

"ಐದು, ಅಮ್ಮಿ."

ನನ್ನ ಕೈಯಿಂದ ಚೊಂಬು ತೆಗೊಂಡು ಉಳಿದ ಎರಡು ಸಲ ಅವರೇ ನೀರು ಹೊಯ್ದರು.

ಬೇಟೆ ಹೇಗಾಯ್ತು ಅಂತ ನಾನು ಹೇಳಬೇಕಾ? ತೋಳ ಸಿಕ್ಕಿತ್ತಂತೆ, ಗುಡ್ಡದ ಮೇಲೆ ನಿಂತು ಇವರನ್ನೇ ನೋಡ್ತಿತ್ತಂತೆ. ನಾಯಿಗಳು ನೂರು ಹೆಜ್ಜೆ ಓಡಿದವು, ಒಂದು ವಾಂತಿ ಮಾಡಿತು, ಉಳಿದವು ಅಲ್ಲೇ ಮಲಗಿದವು. ಮಾರಾಯ್ತಿ ಪಿಕಪ್ಪಿನಿಂದ ಇಳಿಯಲೇ ಇಲ್ಲ. ಫಾಲೆಹ್ ಬೆಂಕಿ ಆಗಿ ವಾಪಸ್ ಬಂದ.

"ಯಾರು ಅನ್ನ ಹಾಕಿದ್ದು ಇವಕ್ಕೆ? ನೀನಾ?"

"ಅವನಾ?" ಅಂದ್ರು ಅಮ್ಮಿ. "ಅವ ನಾಯಿ ಹತ್ರ ಹೋಗುವವನಲ್ಲ. ತಟ್ಟೆ ಮುಚ್ಚದೆ ಮಲಗಿದ್ದು ನೀವು."

ನಾನು ಒಳಗಿಂದೊಳಗೆ ಗೆದ್ದೆ. ಗೆದ್ದು ಒಂದು ನಿಮಿಷ ಆಗಿರಬಹುದು. ಫಾಲೆಹ್ ಮಾರಾಯ್ತಿಯ ಕಡೆ ತಿರುಗಿದ. "ಸಲೂಕಿ ಸಾಲ ತಂದದ್ದು, ವಾಪಸ್ ಕೊಡ್ಬೇಕು. ಇದು ನಮ್ಮದು. ತೋಳ ಕಣ್ಣೆದುರು ಇರುವಾಗ ಮಲಗುವ ನಾಯಿ ಕುರಿ ಎಂತ ಕಾಯ್ತದೆ? ಮರಿ ಹೋದದ್ದು ಇದರಿಂದಲೇ." ಅದರ ಕುತ್ತಿಗೆಗೆ ಹಗ್ಗ ಹಾಕಿ ಮತ್ತೆ ಪಿಕಪ್ಪಿಗೆ ಹತ್ತಿಸಿದ. ಅಮ್ಮಿ ನನ್ನ ಮುಖ ನೋಡಿದ್ರು. ಅವರು ಹೇಳುವ ಸುಳ್ಳು ಹೇಳಿ ಆಗಿತ್ತು, ಈಗ ಸತ್ಯ ಹೇಳಬೇಕಾದವ ನಾನು. "ನಾನೇ ಹಾಕಿದ್ದು" ಅಂದ್ರೆ ಆಯ್ತು, ಎರಡೇ ಮಾತು, ಅರಬ್ಬಿಯಲ್ಲಿ ನನಗೆ ಬರ್ತಿತ್ತು. ಪಾಸ್‌ಪೋರ್ಟ್ ಅವನ ಕಿಸೆಯಲ್ಲಿ. ನಾನು ಮರಳು ನೋಡ್ತಾ ನಿಂತೆ. ಗಾಡಿ ಹೋಯ್ತು. ಮಾರಾಯ್ತಿ ನನ್ನ ಕಡೆಗೇ ಮುಖ ಮಾಡಿ ಕೂತಿತ್ತು, ಎಂತದೋ ತಿರುಗಾಟಕ್ಕೆ ಹೊರಟ ಹಾಗೆ.

ಮೂರು ದಿನ ಕಳೆದು ಅದು ನಡ್ಕೊಂಡು ವಾಪಸ್ ಬಂತು ಅಂತ ನಾನು ನಿಮ್ಮ ಅಜ್ಜಿಗೆ ಹೇಳಿದ್ದೇನೆ. ನಿಮ್ಮ ಅಪ್ಪನಿಗೂ ಹಾಗೆಯೇ ಹೇಳಿದ್ದು. ಬರಲಿಲ್ಲ. ಎಲ್ಲಿ ಬಿಟ್ಟ ಅಂತ ಕೇಳುವ ಧೈರ್ಯವೂ ನನಗೆ ಆಗಲಿಲ್ಲ. ಮತ್ತೆ ಒಂದೂವರೆ ವರ್ಷ ಇದ್ದೆ ಅಲ್ಲಿ. ಬೆಳಿಗ್ಗೆ ಎದ್ದು ಯಾರ ಹತ್ರವೂ ನಿದ್ದೆ ಆಯ್ತಾ ಅಂತ ಕೇಳ್ಲಿಕ್ಕೆ ಇರಲಿಲ್ಲ.

ಪೋಕರಿ ಕೆಲಸ ಮಾಡಿ, ನಾನು ಬೇಡ ಅನ್ನುವುದಿಲ್ಲ, ನಾನೇ ಇನ್ನೂ ಬಿಟ್ಟಿಲ್ಲ. ಆದ್ರೆ ಅದರ ಬೈಗುಳ ಬಂದಾಗ ಮುಂದೆ ಬಂದು ನೀವೇ ತಿನ್ನಿ, ಬಾಯಿ ಇಲ್ಲದವರ ತಲೆಗೆ ಹಾಕಬೇಡಿ. ಏಳಿ ಈಗ, ಗಂಜಿ ಆರ್ತದೆ.